ಅಗ್ಗದ ಸ್ಪ್ಯಾನರ್, ಸುತ್ತಿಗೆ ತಗೊಳ್ಳುವಾಗ ಯಾವ ಪೀಸ್ ಒಳ್ಳೆಯದು ಅಂತ ಕಂಡುಹಿಡಿಯುವುದು ಹೇಗೆ

ಒಂಬತ್ತು ವರ್ಷದ ಹಿಂದೆ 10 ಇಂಚಿನ ಎರಡು ಸ್ಕ್ರೂ ಸ್ಪ್ಯಾನರ್ (ತಿರುಪು ತಿರುಗಿಸಿ ಬಾಯಿ ದೊಡ್ಡದು ಚಿಕ್ಕದು ಮಾಡುವಂಥದ್ದು) ತಂದಿದ್ದೆ. ಎರಡೂ ಒಂದೇ ಡಬ್ಬದಿಂದ ತೆಗೆದವು. ಬೆಲೆ ಒಂದೇ, ಹೊಳಪು ಒಂದೇ. ಒಂದನ್ನು ಮಂಡ್ಯದ ಮನೆಯಲ್ಲಿ ಇಟ್ಟುಕೊಂಡೆ, ಇನ್ನೊಂದನ್ನು ಪಾಂಡವಪುರದ ಹತ್ತಿರ ಇರುವ ಗದ್ದೆಯ ಪಂಪ್‌ಹೌಸಿಗೆ ಕೊಟ್ಟೆ. ಮನೆಯದ್ದು ಇವತ್ತಿಗೂ ನೆಟ್ ಮೇಲೆ ಕೂತರೆ ಅಲ್ಲಾಡುವುದಿಲ್ಲ. ಗದ್ದೆಯದ್ದು ಮೊದಲ ದಿನವೇ, ಪೈಪಿನ ಫ್ಲೇಂಜ್ ಬೋಲ್ಟ್ ಬಿಚ್ಚಲು ಸ್ವಲ್ಪ ಜೋರು ಹಾಕಿದ್ದಕ್ಕೆ ಬಾಯಿ ಅಗಲವಾಗಿ ಜಾರಿತು. ಭಾವನ ಬೆರಳಿನ ಗೆಣ್ಣು ಕಬ್ಬಿಣಕ್ಕೆ ಬಡಿದು ನಾಲ್ಕು ಹೊಲಿಗೆ ಹಾಕಿಸಬೇಕಾಯಿತು.

ಇದಾದ ಮೇಲೂ ಅಗ್ಗದ ಟೂಲ್ಸ್ ಕೊಳ್ಳುತ್ತಲೇ ಇದ್ದೇನೆ. ಮನೆ ಕಟ್ಟಿಸುವವರಿಗೆ, ತೋಟ ಗದ್ದೆ ಇರುವವರಿಗೆ ಎಲ್ಲವನ್ನೂ ದುಬಾರಿ ಬ್ರ್ಯಾಂಡಿನಲ್ಲಿ ತಗೊಳ್ಳಲು ಆಗುವುದಿಲ್ಲ, ಬೇಕಾಗೂ ಇಲ್ಲ. ಆದರೆ ಡಬ್ಬದಿಂದ ಕೈಗೆ ಸಿಕ್ಕಿದ್ದನ್ನು ಸುಮ್ನೆ ಚೀಲಕ್ಕೆ ಹಾಕಿಕೊಂಡು ಬರುವುದನ್ನು ಬಿಟ್ಟೆ. ಅಗ್ಗದ ಮಾಲಿನಲ್ಲಿ ಒಳ್ಳೆ ಪೀಸೂ ಇರುತ್ತದೆ, ಕೆಟ್ಟ ಪೀಸೂ ಇರುತ್ತದೆ, ಆರಿಸುವ ಕೆಲಸ ಕೊಳ್ಳುವವರದ್ದು. ಅದನ್ನು ನಾನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ.

ಒಂದೇ ಡಬ್ಬದಲ್ಲಿ ಎರಡು ಥರ ಯಾಕೆ?

ನಮ್ಮ ದೇಶದಲ್ಲಿ ಸ್ಪ್ಯಾನರ್, ಪ್ಲೇಯರ್, ಸುತ್ತಿಗೆ ತಯಾರಾಗುವ ದೊಡ್ಡ ಊರುಗಳು ಪಂಜಾಬಿನ ಜಲಂಧರ್, ಲುಧಿಯಾನ, ರಾಜಸ್ಥಾನದ ನಾಗೌರ್. ಅಲ್ಲಿ ಹೊರದೇಶಕ್ಕೆ ಮಾಲು ಕಳಿಸುವ ಕಾರ್ಖಾನೆಗಳೂ ಇವೆ, ಚಿಕ್ಕ ಶೆಡ್ಡುಗಳೂ ಇವೆ. ಇದರ ಜೊತೆಗೆ ಚೀನಾದಿಂದ ಬರುವುದು ಬೇರೆ. ಉಕ್ಕಿಗೆ ಆಕಾರ ಕೊಡುವುದು ಎಲ್ಲರಿಗೂ ಬರುತ್ತದೆ, ಅಚ್ಚು ಇದ್ದರೆ ಸಾಕು. ಕಷ್ಟ ಇರುವುದು ಹದ ಹಾಕುವುದರಲ್ಲಿ.

ನಮ್ಮೂರ ಕುಲುಮೆ ಮುಂದೆ ಕೂತು ನೋಡಿದವರಿಗೆ ಇದು ಗೊತ್ತಿರುತ್ತದೆ. ಮಚ್ಚನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಕಾವು 800 ಡಿಗ್ರಿ ಆಸುಪಾಸು ಇರಬೇಕು. ಅದ್ದಿದ ಮೇಲೆ ಉಕ್ಕು ಗಟ್ಟಿಯಾಗುತ್ತದೆ, ಆದರೆ ಗಾಜಿನ ಹಾಗೆ ಆಗಿಬಿಡುತ್ತದೆ, ಹೊಡೆದರೆ ಚೂರಾಗುತ್ತದೆ. ಅದಕ್ಕೇ ಮತ್ತೆ ಕಡಿಮೆ ಕಾವಿನಲ್ಲಿ ಬಿಸಿ ಮಾಡಿ ಆ ಬಿರುಸನ್ನು ಇಳಿಸಬೇಕು. ಆಗ ಉಜ್ಜಿ ಹೊಳಪು ಬಂದ ಜಾಗದಲ್ಲಿ ಬಣ್ಣ ಓಡುತ್ತದೆ: ಸುಮಾರು 230 ಡಿಗ್ರಿಗೆ ಒಣಹುಲ್ಲಿನ ಬಣ್ಣ, 300 ಹತ್ತಿರ ಬಂದರೆ ನೀಲಿ. ಕಮ್ಮಾರರು ಆ ಬಣ್ಣ ನೋಡಿಯೇ ಯಾವಾಗ ನಿಲ್ಲಿಸಬೇಕು ಅಂತ ಹೇಳುತ್ತಾರೆ. ಇಷ್ಟು ಹುಷಾರಾಗಿ ಒಂದೊಂದನ್ನೂ ನೋಡಲು ಅಗ್ಗದ ಮಾಲು ಮಾಡುವವರಿಗೆ ಪುರಸೊತ್ತು ಇರುವುದಿಲ್ಲ, ರಾಶಿ ರಾಶಿಯಾಗಿ ಒಲೆಗೆ ಹಾಕಿದಾಗ ಮೂಲೆಯಲ್ಲಿ ಬಿದ್ದ ಪೀಸಿಗೆ ಕಾವು ಸಾಲದೆ ಹೋದರೆ ಅದೂ ಪಾಲಿಶ್ ಆಗಿ ಅದೇ ಡಬ್ಬದಲ್ಲಿ ಕೂತು ಮಂಡ್ಯಕ್ಕೆ ಬರುತ್ತದೆ. ಒಳ್ಳೆ ಬ್ರ್ಯಾಂಡಿಗೆ ನಾವು ಜಾಸ್ತಿ ಕೊಡುವ ದುಡ್ಡಿನಲ್ಲಿ ಒಂದು ಪಾಲು, ಅಂಥ ಪೀಸನ್ನು ಅಲ್ಲೇ ಹೆಕ್ಕಿ ಹೊರಗೆ ಹಾಕಿದ್ದಕ್ಕೆ.

ಹಂತ 1: ಏನನ್ನು ಅಗ್ಗದಲ್ಲಿ ತಗೊಳ್ಳಬಹುದು ಅಂತ ಮನೆಯಲ್ಲೇ ತೀರ್ಮಾನಿಸಿ

ಬೆಲೆ ಆಮೇಲೆ. ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಕೆಲಸದ ಮಧ್ಯೆ ಇದು ಮುರಿದರೆ ಅಥವಾ ಜಾರಿದರೆ ಏನಾಗುತ್ತದೆ?

ಗೋಡೆಗೆ ಪಟ್ಟಿ ಬಳಿಯುವ ಬ್ಲೇಡ್ ಮುರಿದರೆ ಏನೂ ಆಗುವುದಿಲ್ಲ. ಕರಣೆ, ಬಾಂಡ್ಲಿ, ರಬ್ಬರ್ ಸುತ್ತಿಗೆ, ಆ್ಯಕ್ಸೋ ಫ್ರೇಮ್ (ಕಬ್ಬಿಣ ಕೊಯ್ಯುವ ಗರಗಸದ ಚೌಕಟ್ಟು), ಬಣ್ಣದ ಬ್ರಶ್ಶು, ಇವೆಲ್ಲ ಅಗ್ಗದ್ದೇ ಸಾಕು. ಫ್ರೇಮ್ ಅಗ್ಗದ್ದಾದರೂ ಬ್ಲೇಡ್ ಮಾತ್ರ ಒಳ್ಳೆಯದು ಹಾಕಿ, ಕೊಯ್ಯುವುದು ಅದೇ ಅಲ್ವಾ.

ಸುತ್ತಿಗೆ, ಉಳಿ, ಸ್ಪ್ಯಾನರ್, ಕಟಿಂಗ್ ಪ್ಲೇಯರ್ ಇವು ಕೈಗೆ, ಕಣ್ಣಿಗೆ ಸಂಬಂಧಪಟ್ಟವು. ಇವುಗಳಲ್ಲಿ ಅಗ್ಗದ್ದು ತಗೊಂಡರೂ ಮುಂದೆ ಹೇಳುವ ಹಾಗೆ ನೋಡಿಯೇ ತಗೊಳ್ಳಿ.

ಕರೆಂಟಿನ ಕೆಲಸಕ್ಕೆ ಮಾತ್ರ ಅಗ್ಗದ ಮಾತೇ ಬೇಡ. ಪ್ಲೇಯರ್ ಹಿಡಿಗೆ ಕೆಂಪು ಪ್ಲಾಸ್ಟಿಕ್ ತೊಡಿಸಿದ್ದಾರೆ ಅಂದ ಮಾತ್ರಕ್ಕೆ ಅದು ಶಾಕ್ ತಡೆಯುತ್ತದೆ ಅಂತ ಅಲ್ಲ. ನಿಜವಾಗಿ ಪರೀಕ್ಷೆ ಮಾಡಿದ ಟೂಲ್ ಮೇಲೆ ಒಂದರೊಳಗೊಂದು ಸೇರಿದ ಎರಡು ತ್ರಿಕೋನದ ಗುರುತು, ಪಕ್ಕದಲ್ಲಿ 1000 ವೋಲ್ಟ್ ಅಂತ, ಐಇಸಿ 60900 (ಕರೆಂಟಿನ ಕೆಲಸದ ಟೂಲಿಗೆ ಇರುವ ಅಂತರರಾಷ್ಟ್ರೀಯ ನಿಯಮದ ನಂಬರ್) ಅಂತ ಇರುತ್ತದೆ. ಅದಿದ್ದರೂ ಮೇನ್ ಆಫ್ ಮಾಡಿಯೇ ಕೆಲಸ ಮಾಡಿ. ಲೈನ್ ಟೆಸ್ಟರ್ ವಿಷಯವೂ ಅಷ್ಟೇ. ಅದರೊಳಗೆ ನಿಯಾನ್ ಬಲ್ಬಿನ ಜೊತೆ ಒಂದು ದೊಡ್ಡ ರೆಸಿಸ್ಟರ್ ಇರುತ್ತದೆ, ನಮ್ಮ ಮೈಯೊಳಗೆ ಹರಿಯುವ ಕರೆಂಟನ್ನು ತಡೆದು ಕಡಿಮೆ ಮಾಡುವುದು ಅದೇ. 20 ರೂಪಾಯಿಯ ಟೆಸ್ಟರ್ ಒಳಗೆ ಏನು ಹಾಕಿದ್ದಾರೆ ಅಂತ ಹೊರಗಿನಿಂದ ಕಾಣುವುದಿಲ್ಲ. ಒಳ್ಳೆ ಟೆಸ್ಟರನ್ನೂ ಪ್ರತಿ ಸಲ ಕರೆಂಟ್ ಇದೆ ಅಂತ ಗೊತ್ತಿರುವ ಸಾಕೆಟ್ಟಿಗೆ ಮೊದಲು ಇಟ್ಟು ನೋಡಿ, ಆಮೇಲೆ ನಂಬಿ.

ಹಂತ 2: ಜೇಬಿನಲ್ಲಿ ನಾಲ್ಕು ಸಾಮಾನು ಇಟ್ಟುಕೊಂಡು ಹೋಗಿ

ಒಂದು, ಹೊಸ ಎಂ8 (8 ಎಂಎಂ ದಪ್ಪದ) ಬೋಲ್ಟು-ನೆಟ್ಟು. ಇದರ ತಲೆಗೆ ಸಾಮಾನ್ಯವಾಗಿ 13ರ (13 ಎಂಎಂ ಬಾಯಿಯ) ಸ್ಪ್ಯಾನರ್ ಸರಿಯಾಗಿ ಕೂರಬೇಕು. ನಿಮಗೆ 10ರ ಸ್ಪ್ಯಾನರ್ ಬೇಕಾದರೆ ಎಂ6 ಬೋಲ್ಟ್, 19 ಬೇಕಾದರೆ ಎಂ12. ಹಳೇ ಬೋಲ್ಟ್ ಬೇಡ, ತಲೆ ಸವೆದಿದ್ದರೆ ತಪ್ಪು ಯಾರದ್ದು ಅಂತ ಗೊತ್ತಾಗುವುದಿಲ್ಲ.

ಎರಡು, ಒಂದು ಗೇಣು ಉದ್ದದ ವೈರಿನ ತುಂಡು, ಒಳಗೆ ಸಣ್ಣ ಎಳೆಗಳಿರುವಂಥದ್ದು. ಮೂರು, ಪ್ಲಸ್ ತಲೆಯ ಒಂದು ಹೊಸ ಸ್ಕ್ರೂ. ನಾಲ್ಕು, ಆರು ಇಂಚಿನ ಸ್ಟೀಲ್ ಸ್ಕೇಲ್.

ಮಂಡ್ಯದ ಪೇಟೆಬೀದಿಯಾಗಲಿ, ಮೈಸೂರಿನ ಸಂತೆಪೇಟೆಯಾಗಲಿ, ಬೆಳಗ್ಗೆ ಹೋಗಬೇಡಿ. ಆ ಹೊತ್ತಿಗೆ ಮೇಸ್ತ್ರಿಗಳು, ಪ್ಲಂಬರ್‌ಗಳು ಅವತ್ತಿನ ಕೆಲಸಕ್ಕೆ ಸಾಮಾನು ತಗೊಳ್ಳಲು ನಿಂತಿರುತ್ತಾರೆ, ಅಂಗಡಿಯವರಿಗೆ ನಾವು ಹತ್ತು ಪೀಸ್ ತೆಗೆಸಿ ನೋಡುವುದು ಕಿರಿಕಿರಿಯಾಗುತ್ತದೆ. ಮಧ್ಯಾಹ್ನ ಮೂರರ ಮೇಲೆ ಹೋಗಿ, "ಅಣ್ಣ, ನಾಲ್ಕೈದು ಪೀಸ್ ತೋರ್ಸಿ, ನೋಡಿ ಒಂದು ತಗೋತೀನಿ" ಅಂತ ಮೊದಲೇ ಹೇಳಿಬಿಡಿ. ನನಗೆ ಇಲ್ಲ ಅಂದವರು ತುಂಬಾ ಕಡಿಮೆ. ಒಬ್ಬರಂತೂ "ನೋಡಿ ಸರ್, ನೀವ್ ಆರಿಸಿದ್ರೆ ವಾಪಸ್ ತರೋದು ತಪ್ಪುತ್ತೆ" ಅಂತ ಇಡೀ ಡಬ್ಬವನ್ನೇ ಮುಂದಿಟ್ಟರು.

ಹಂತ 3: ಅಂಗಡಿಯಲ್ಲೇ ಪರೀಕ್ಷೆ

ಸ್ಪ್ಯಾನರ್: ಬೋಲ್ಟ್ ತಲೆಗೆ ಹಾಕಿ ಅಲ್ಲಾಡಿಸಿ. ತುಸು ಸಡಿಲ ಇರಲೇಬೇಕು, ಇಲ್ಲದಿದ್ದರೆ ಒಳಗೇ ಹೋಗುವುದಿಲ್ಲ. ಆದರೆ ಕಣ್ಣಿಗೆ ಕಾಣುವಷ್ಟು ತಿರುಗಿದರೆ ಆ ಪೀಸ್ ಬೋಲ್ಟಿನ ಮೂಲೆಗಳನ್ನು ತಿಂದುಹಾಕುತ್ತದೆ. ರಿಂಗ್ ಕಡೆ (ಬಳೆಯ ಹಾಗೆ ಸುತ್ತಲೂ ಹಿಡಿಯುವ ತುದಿ) ಆರು ಮೂಲೆಯದ್ದು ಸಿಕ್ಕರೆ ಬಿಡಬೇಡಿ, ಅದು ನೆಟ್ಟಿನ ಮೈಗೆ ಒತ್ತುತ್ತದೆ, ಹನ್ನೆರಡು ಮೂಲೆಯದ್ದು ಮೂಲೆಯ ಹತ್ತಿರ ಒತ್ತುತ್ತದೆ. ಬಾಯಿಯ ಒಳಗೆ ಕ್ರೋಮ್ ಗುಳ್ಳೆ ಎದ್ದಿದೆಯಾ ನೋಡಿ, ಕಿತ್ತು ಬಂದ ಕ್ರೋಮ್ ಬ್ಲೇಡಿನ ಹಾಗೆ ಕೈ ಕೊಯ್ಯುತ್ತದೆ. ಕ್ರೋಮ್ ವನೇಡಿಯಂ ಅಂತ ಮೈಮೇಲೆ ಅಚ್ಚು ಹಾಕಿದ್ದಾರೆ ಅಂತ ಸಮಾಧಾನ ಪಡಬೇಡಿ. ಅಚ್ಚು ಯಾರು ಬೇಕಾದರೂ ಹಾಕಬಹುದು. ಒಳ್ಳೆ ಉಕ್ಕೇ ಆದರೂ ಹದ ತಪ್ಪಿದ್ದರೆ ಪ್ರಯೋಜನ ಇಲ್ಲ.

ಸ್ಕ್ರೂ ಸ್ಪ್ಯಾನರ್: ಬಾಯಿಯನ್ನು ಅರ್ಧ ತೆಗೆದು, ಓಡಾಡುವ ದವಡೆಯನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಭಾವನ ಕೈ ಕೆಡಿಸಿದ ಪೀಸಿನಲ್ಲಿ ಈ ಆಟ ಜಾಸ್ತಿ ಇತ್ತು, ನಾನು ನೋಡಿರಲಿಲ್ಲ. ಆಮೇಲೆ ಬಾಯಿ ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಎರಡು ದವಡೆಯ ನಡುವೆ ಬೆಳಕಿನ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಕಂಡರೆ ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಕೇಳಿ.

ಕಟಿಂಗ್ ಪ್ಲೇಯರ್: ಬೆಳಕಿಗೆ ಹಿಡಿದು ನೋಡುವುದಕ್ಕಿಂತ ವೈರಿನ ಪರೀಕ್ಷೆ ಒಳ್ಳೆಯದು. ವೈರಿನಿಂದ ಒಂದೇ ಒಂದು ಎಳೆ ಬಿಡಿಸಿ, ಕತ್ತರಿಸುವ ಜಾಗದ ತುದಿಯಲ್ಲಿ, ನಡುವೆ, ಬುಡದಲ್ಲಿ ಹೀಗೆ ಮೂರು ಕಡೆ ಕತ್ತರಿಸಿ. ಮೂರೂ ಕಡೆ ಟಕ್ ಅಂತ ತುಂಡಾಗಬೇಕು. ಎಲ್ಲಾದರೂ ಎಳೆ ಬಾಗಿ ನಡುವೆ ಸಿಕ್ಕಿಕೊಂಡರೆ ಎರಡು ಅಂಚು ಸರಿಯಾಗಿ ಸೇರುತ್ತಿಲ್ಲ ಅಂತ ಅರ್ಥ. ಹಿಡಿಯನ್ನು ಅಗಲಿಸಿ ಪಕ್ಕಕ್ಕೆ ಒತ್ತಿ, ರಿವೆಟ್ ಹತ್ತಿರ ಲಟಪಟ ಅನ್ನಬಾರದು. ಬಿಗಿಯಾಗಿದ್ದರೆ ಚಿಂತೆ ಇಲ್ಲ, ಎಣ್ಣೆ ಹಾಕಿದರೆ ಸರಿಹೋಗುತ್ತದೆ. ಸಡಿಲ ಆದದ್ದನ್ನು ಸರಿಮಾಡುವುದು ಕಷ್ಟ. ಐಎಸ್‌ಐ ಗುರುತಿದ್ದರೆ ಅದರ ಜೊತೆ ಐಎಸ್ 3650 ಅಂತ ನಂಬರ್ ಇದೆಯಾ ಅಂತಲೂ ನೋಡಿ, ಈ ಥರದ ಪ್ಲೇಯರ್‌ಗೆ ಇರುವ ನಂಬರ್ ಅದು.

ಸ್ಕ್ರೂ ಡ್ರೈವರ್: ಗಾಜಿನ ಕೌಂಟರ್ ಮೇಲೆ ಉರುಳಿಸಿ, ತುದಿ ಕುಣಿದರೆ ಕಡ್ಡಿ ಸೊಟ್ಟ. ಮನೆಯಲ್ಲಿ ಜಾಸ್ತಿ ಬೇಕಾಗುವುದು 2ನೇ ನಂಬರಿನ ಪ್ಲಸ್. ಜೇಬಿನ ಸ್ಕ್ರೂ ತೆಗೆದು ತುದಿಗೆ ಕೂರಿಸಿ. ಕೈಬಿಟ್ಟರೂ ತುದಿಯಲ್ಲೇ ಸ್ವಲ್ಪ ಹೊತ್ತು ನಿಂತರೆ ಆಕಾರ ಸರಿ ಇದೆ, ಆದರೆ ತುದಿಗೆ ಅಯಸ್ಕಾಂತ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಾಡಿಸಿಯೇ ನೋಡಬೇಕು.

ಸುತ್ತಿಗೆ: ಇದರಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ಎರಕ ಹೊಯ್ದ ಸುತ್ತಿಗೆಯ ಮೈ ಮರಳು ಮರಳಾಗಿರುತ್ತದೆ, ಕೆಲವಕ್ಕೆ ದಪ್ಪ ಬಣ್ಣ ಬಳಿದು ಅದನ್ನು ಮುಚ್ಚಿರುತ್ತಾರೆ. ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ. ಬಡಿದು ಮಾಡಿದ ಉಕ್ಕು ಗಂಟೆಯ ಹಾಗೆ ಟಿಣ್ ಅನ್ನುತ್ತದೆ, ಎರಕದ್ದು ಮಂಕಾಗಿ ಠಕ್ ಅನ್ನುತ್ತದೆ. ಎರಕದ ಸುತ್ತಿಗೆಯಿಂದ ಗಟ್ಟಿ ಮೊಳೆ ಹೊಡೆಯುವಾಗ ಚೂರು ಹಾರಿದರೆ ಅದು ಹೋಗುವುದು ಕಣ್ಣಿಗೆ. ಆಮೇಲೆ ಕಾವಿನ, ಅಂದರೆ ಮರದ ಹಿಡಿಯ ತುದಿ ನೋಡಿ: ಮರದ ಎಳೆ ಉದ್ದಕ್ಕೆ, ತುದಿಯಿಂದ ತುದಿಗೆ ಓಡಿರಬೇಕು, ನಡುವೆ ಓರೆಯಾಗಿ ಹೊರಗೆ ಹೋಗಿದ್ದರೆ ಅಥವಾ ಗಂಟು ಇದ್ದರೆ ಅಲ್ಲೇ ಮುರಿಯುತ್ತದೆ. ಕೊನೆಗೆ ತೂಕ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುವ ತಕ್ಕಡಿ ಇದ್ದೇ ಇರುತ್ತದೆ, ಇಟ್ಟು ನೋಡಿ. 500 ಗ್ರಾಂ ಅಂತ ಬರೆದಿರುವುದು ತಲೆಯ ತೂಕ, ಆದ್ದರಿಂದ ಕಾವು ಸೇರಿ ಅದಕ್ಕಿಂತ ಜಾಸ್ತಿಯೇ ಬರಬೇಕು. ನನಗೆ ಒಮ್ಮೆ ಕಾವು ಸೇರಿಯೇ 430 ಬಂತು.

ಟೇಪು: ತುದಿಯ ಕೊಕ್ಕೆ ಅಲ್ಲಾಡುತ್ತದೆ ಅಂತ ಬಿಸಾಡಬೇಡಿ. ಅದು ಅಲ್ಲಾಡಲೇಬೇಕು. ಹೊರಗೆ ಸಿಕ್ಕಿಸಿ ಎಳೆದು ಅಳೆದರೂ ಗೋಡೆಗೆ ಒತ್ತಿ ಅಳೆದರೂ ಒಂದೇ ಅಳತೆ ಬರಲಿ ಅಂತ, ಕೊಕ್ಕೆಯ ದಪ್ಪ ಎಷ್ಟೋ ಅಷ್ಟೇ ಆಟ ಬಿಟ್ಟಿರುತ್ತಾರೆ. ಅದಕ್ಕಿಂತ ಜಾಸ್ತಿ ಆಡಿದರೆ ಬೇಡ. ಸ್ಟೀಲ್ ಸ್ಕೇಲ್ ಪಕ್ಕ ಇಟ್ಟು ಮೊದಲ ಆರು ಇಂಚು ಹೋಲಿಸಿ, ಆಮೇಲೆ ಅಂಗಡಿಯ ಬೇರೊಂದು ಟೇಪಿನ ಪಕ್ಕ 3 ಮೀಟರ್ ಎಳೆದು ನೋಡಿ. ಟೇಪಿನ ಮೇಲೆ ರೋಮನ್ ಎರಡು ಅಂತ ಕ್ಲಾಸ್ ಗುರುತಿದ್ದರೆ 5 ಮೀಟರಿಗೆ 1.3 ಎಂಎಂ ತನಕ ವ್ಯತ್ಯಾಸ ಇರಬಹುದು ಅಂತ ಲೆಕ್ಕ. ಮನೆ ಕೆಲಸ ನಡೆಯುವಾಗ ಬಡಗಿಯ ಟೇಪು ಬೇರೆ, ಕಿಟಕಿ ಮಾಡುವವರ ಟೇಪು ಬೇರೆ ಆಗಿ ನಮ್ಮ ಮನೆಯ ಒಂದು ಕಿಟಕಿ ಚೌಕಟ್ಟಿಗೆ ಕೂರಲೇ ಇಲ್ಲ. ಇಬ್ಬರಿಗೂ ಒಂದೇ ಟೇಪು ಕೊಟ್ಟಿದ್ದರೆ ಆ ತಾಪತ್ರಯವೇ ಇರುತ್ತಿರಲಿಲ್ಲ.

ರಸಮಟ್ಟ, ಮೂಲೆಮಟ್ಟ: ರಸಮಟ್ಟವನ್ನು ಕೌಂಟರ್ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿತು ನೋಡಿ. ಅದೇ ಜಾಗದಲ್ಲಿ ತುದಿ ಬದಲಾಯಿಸಿ, ಎಡಗಡೆಯದ್ದು ಬಲಕ್ಕೆ ಬರುವ ಹಾಗೆ ಇಡಿ. ಗುಳ್ಳೆ ಎರಡು ಸಲವೂ ನಿಮ್ಮ ಎಡಕ್ಕೇ, ಅಷ್ಟೇ ದೂರ ನಿಂತರೆ ಕೌಂಟರ್ ಓರೆ, ಮಟ್ಟ ಸರಿ. ಜಾಗ ಬದಲಾಯಿಸಿದರೆ ಮಟ್ಟವೇ ತಪ್ಪು. ಮೂಲೆಮಟ್ಟಕ್ಕೂ ಹೀಗೆಯೇ: ರಟ್ಟಿನ ನೇರ ಅಂಚಿಗೆ ಒತ್ತಿ ಗೆರೆ ಎಳೆದು, ತಿರುಗಿಸಿ ಹಾಕಿ ಮತ್ತೆ ಎಳೆಯಿರಿ, ಎರಡು ಗೆರೆ ಒಂದರ ಮೇಲೊಂದು ಬೀಳಬೇಕು.

ಆನ್‌ಲೈನಿನಲ್ಲಿ ಇದ್ಯಾವುದನ್ನೂ ಮಾಡಲು ಆಗುವುದಿಲ್ಲ, ನನಗೆ ಅದು ಇಷ್ಟವಿಲ್ಲದ್ದು ಅದಕ್ಕೇ. ತರಿಸಿದರೂ ಬಂದ ದಿನವೇ ಎಲ್ಲಾ ಪರೀಕ್ಷೆ ಮುಗಿಸಿ, ವಾಪಸ್ ಮಾಡುವ ಗಡುವು ದಾಟಿಸಬೇಡಿ. 46 ಪೀಸಿನ ಸಾಕೆಟ್ ಡಬ್ಬ ಅಂತ ಒಂದು ಎಲ್ಲಾ ಕಡೆ ಸಿಗುತ್ತದೆ, ಅದರಲ್ಲಿ ಸಾಮಾನ್ಯವಾಗಿ ಕಾಲು ಇಂಚಿನ ಚಿಕ್ಕ, ಒಂದೇ ಕಡೆಗೆ ಕಚ್ಚಿ ತಿರುಗುವ ಹಿಡಿ, ಅಂದರೆ ರ‍್ಯಾಚೆಟ್ ಇರುತ್ತದೆ. ಸೈಕಲ್ಲು, ಮಿಕ್ಸಿ, ಸ್ಕೂಟರಿನ ಸಣ್ಣ ಬೋಲ್ಟುಗಳಿಗೆ ಚೆನ್ನಾಗಿದೆ. ಟ್ರ್ಯಾಕ್ಟರಿಗೆ ಹಾಕಿದರೆ ಒಳಗಿನ ಹಲ್ಲು ಹೋಗುತ್ತದೆ.

ಹಂತ 4: ಮೊದಲ ವಾರ ಮನೆಯಲ್ಲಿ

ಬಿಲ್ ಇಟ್ಟುಕೊಳ್ಳಿ. "ಒಂದ್ ವಾರದೊಳಗೆ ತೊಂದ್ರೆ ಬಂದ್ರೆ ಬದಲಾಯಿಸ್ಕೊಡ್ತೀರಾ?" ಅಂತ ತಗೊಳ್ಳುವಾಗಲೇ ಕೇಳಿರಬೇಕು.

ಹದ ಸರಿ ಇದೆಯಾ ಅಂತ ನೋಡಲು ಒಂದು ಒಳ್ಳೆ ಅರ ಬೇಕು. ಉಳಿಯ ಬಾಯಿಯ ಮೂಲೆಗೆ, ಪ್ಲೇಯರ್ ಕತ್ತರಿಸುವ ಅಂಚಿಗೆ ಅರವನ್ನು ಮೆಲ್ಲಗೆ ತಾಗಿಸಿ ಎಳೆಯಿರಿ. ಜಾರಿದರೆ ಅಥವಾ ಕಷ್ಟಪಟ್ಟು ಒಂಚೂರು ಕಚ್ಚಿದರೆ ಸರಿ. ಸಲೀಸಾಗಿ ಪುಡಿ ಉದುರಿದರೆ ಉಕ್ಕು ಮೆತ್ತಗಿದೆ. ಸ್ಪ್ಯಾನರ್ ಮತ್ತು ಸುತ್ತಿಗೆಗೆ ಈ ಲೆಕ್ಕ ಹಿಡಿಯಬೇಡಿ, ಅವು ಇಷ್ಟು ಗಟ್ಟಿ ಇರಬಾರದು, ಇದ್ದರೆ ಬಿರುಕು ಬಿಡುತ್ತವೆ.

ಉಳಿಗೆ ಇನ್ನೊಂದು ಪರೀಕ್ಷೆ ಇದೆ. ಚೆನ್ನಾಗಿ ಸಾಣೆ ಹಿಡಿದು ಒಣಗಿದ ಬೇವಿನ ತುಂಡಿನ ಮೇಲೆ ಹತ್ತು ಏಟು ಹಾಕಿ ಬಾಯಿ ನೋಡಿ. ಅಂಚು ಮಡಚಿಕೊಂಡಿದ್ದರೆ ಮೆತ್ತಗೆ, ಉದುರಿದ್ದರೆ ಬಿರುಸು. ಎರಡರಲ್ಲಿ ಯಾವುದಾದರೂ ತಕ್ಷಣ ವಾಪಸ್ ಕೊಡಲು ಓಡಬೇಡಿ, ಮೊದಲು ತುದಿಯ ಎರಡು ಎಂಎಂ ಸಾಣೆ ಹಿಡಿದು ತೆಗೆದುಬಿಡಿ. ಎಷ್ಟೋ ಸಲ ತುದಿ ಮಾತ್ರ ಕೆಟ್ಟಿರುತ್ತದೆ, ಒಳಗಿನ ಉಕ್ಕು ಚೆನ್ನಾಗಿರುತ್ತದೆ. ಗ್ರೈಂಡರ್ ಬಳಸಿದರೆ ಎರಡು ಸೆಕೆಂಡಿಗೊಮ್ಮೆ ನೀರಿಗೆ ಅದ್ದಿ. ಅಂಚು ನೀಲಿಯಾಯಿತು ಅಂದರೆ ಹದ ಹೋಯಿತು, ಮತ್ತೆ ಅಷ್ಟು ತೆಗೆಯಬೇಕು.

ಇಷ್ಟಾದ ಮೇಲೂ ಉದುರುತ್ತಿದ್ದರೆ ಹಿಡಿ ತೆಗೆದು, ಮನೆಯಲ್ಲಿ ಕೇಕ್ ಮಾಡುವ ಓವನ್ ಇದ್ದರೆ 200-220 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ತಣ್ಣಗಾಗಲು ಬಿಡಿ. ಸಾದಾ ಕಾರ್ಬನ್ ಉಕ್ಕಿನ ಉಳಿಗಳಿಗೆ ಇದು ಕೆಲಸ ಮಾಡುತ್ತದೆ, ಹುಲ್ಲಿನ ಬಣ್ಣ ಬಂದಿದ್ದು ಕಣ್ಣಿಗೇ ಕಾಣುತ್ತದೆ. ಮೆತ್ತಗಿದ್ದರೆ ಮಾತ್ರ ಕುಲುಮೆಗೆ ಕೊಟ್ಟು ಮತ್ತೆ ಹದ ಹಾಕಿಸಬೇಕು. ನಾನು ಹೀಗೆ ಎರಡು ಉಳಿ ಹದ ಹಾಕಿಸಿದೆ. ಒಂದು ಬದುಕಿತು, ಇನ್ನೊಂದು ಮೆತ್ತಗೇ ಉಳಿಯಿತು. ಅದು ಕಾರ್ಬನ್ ಕಡಿಮೆ ಇರುವ ಬರೀ ಕಬ್ಬಿಣ, ಎಷ್ಟು ಕಾಯಿಸಿದರೂ ಗಟ್ಟಿಯಾಗುವುದಿಲ್ಲ ಅಂತ ಕಮ್ಮಾರರು ಹೇಳಿದರು.

ಹಂತ 5: ಒಂದು ಭಾನುವಾರ ಕೊಟ್ಟು ತಿದ್ದಿ

ಅಗ್ಗದ ಟೂಲಿನಲ್ಲಿ ಬಾಕಿ ಬಿಟ್ಟಿರುವ ಕೆಲಸವನ್ನು ನಾವು ಮುಗಿಸಬೇಕು. ಸ್ಪ್ಯಾನರ್ ಅಂಚಿನಲ್ಲಿ ಚೂಪು ಇದ್ದರೆ ಅರ ಹಾಕಿ ಉಜ್ಜಿ. ಪ್ಲೇಯರ್ ರಿವೆಟ್ಟಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು ಇನ್ನೂರು ಸಲ ತೆಗೆದು ಮುಚ್ಚಿ, ಕಪ್ಪು ನೀರು ಬರುತ್ತದೆ, ಒರೆಸಿ ಮತ್ತೆ ಬಿಡಿ. ರ‍್ಯಾಚೆಟ್ ಬಿಚ್ಚಲು ಆಗುವಂಥದ್ದಾದರೆ ಬಿಚ್ಚಿ ತೊಳೆದು ಹೊಸ ಗ್ರೀಸ್ ಹಾಕಿ. ಆ್ಯಕ್ಸೋ ಬ್ಲೇಡಿನ ಹಲ್ಲು ಮುಂದಕ್ಕೆ ನೋಡುವ ಹಾಗೆ ಹಾಕಿ ಬಿಗಿಯಾಗಿ ಎಳೆಯಿರಿ, ಸಡಿಲ ಬ್ಲೇಡ್ ಸೊಟ್ಟ ಹೋಗುತ್ತದೆ.

ಮರದ ಕಾವಿಗೆ ಬಳಿದ ಹೊಳಪು ವಾರ್ನಿಷ್ ಬೆವರಿಗೆ ಜಾರುತ್ತದೆ, ಬೊಬ್ಬೆ ಬರಿಸುತ್ತದೆ. ಉಪ್ಪುಕಾಗದದಿಂದ ಉಜ್ಜಿ ತೆಗೆದು ಲಿನ್ಸೀಡ್ ಎಣ್ಣೆ ಸವರಿ, ಒಣಗಿಸಿ, ಮತ್ತೆ ಸವರಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಆ ಎಣ್ಣೆ ಒಣಗುವಾಗ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ತಂತಿ ಮೇಲೆ ಹರಡಿ ಬಿಡಿ. ನಮ್ಮ ಕಡೆ ಮಾರ್ಚ್, ಏಪ್ರಿಲ್ ಬಿಸಿಲಿಗೆ ಕಾವು ಒಣಗಿ ಸುತ್ತಿಗೆ ತಲೆ ಸಡಿಲವಾಗುತ್ತದೆ. ನೀರಲ್ಲಿ ನೆನೆಸಿದರೆ ಎರಡು ದಿನ ಬಿಗಿ, ಆಮೇಲೆ ಮೊದಲಿಗಿಂತ ಸಡಿಲ. ಬೆಣೆ ಹೊಡೆಯಿರಿ.

ಹಂತ 6: ಬಳಸುವಾಗ

ಅಗ್ಗದ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಉದ್ದ ಮಾಡಬೇಡಿ. ಅಷ್ಟು ಬಿಗಿ ಇರುವ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಸ್ಪ್ಯಾನರನ್ನು ನಿಮ್ಮ ಕಡೆಗೆ ಎಳೆಯಿರಿ, ಆಚೆಗೆ ತಳ್ಳಬೇಡಿ, ಜಾರಿದರೆ ಗೆಣ್ಣು ಬಡಿಯುವುದು ತಳ್ಳಿದಾಗಲೇ. ಸ್ಕ್ರೂ ಸ್ಪ್ಯಾನರ್ ಆದರೆ ಜೋರು ಬೀಳುವುದು ಕದಲದ ದವಡೆಯ ಮೇಲೆ ಬರುವ ಹಾಗೆ ಹಿಡಿಯಿರಿ. ಒಂದು ಸುತ್ತಿಗೆಯಿಂದ ಇನ್ನೊಂದು ಸುತ್ತಿಗೆಯ ತಲೆಗೆ ಹೊಡೆಯಬೇಡಿ. ಉಳಿಯ ತಲೆ ಹೊಡೆದು ಹೊಡೆದು ಅಣಬೆಯ ಹಾಗೆ ಅರಳಿದ್ದರೆ ಗ್ರೈಂಡರ್ ಹಿಡಿದು ಸಮ ಮಾಡಿ, ಆ ಅರಳಿದ ಅಂಚೇ ಚೂರಾಗಿ ಹಾರುವುದು. ಕನ್ನಡಕ 60-70 ರೂಪಾಯಿಗೆ ಸಿಗುತ್ತದೆ, ಹಾಕಿಕೊಳ್ಳಿ, ಕೆಲಸಕ್ಕೆ ಬಂದವರಿಗೂ ಕೊಡಿ.

ಬಾಯಿ ಅಗಲವಾದ ಸ್ಪ್ಯಾನರ್, ಬಿರುಕು ಬಿಟ್ಟ ಸುತ್ತಿಗೆ ಇವನ್ನು "ಇರಲಿ, ಸಣ್ಣ ಕೆಲಸಕ್ಕಾಗುತ್ತೆ" ಅಂತ ಪಂಪ್‌ಹೌಸಿನಲ್ಲಿ ನೇತುಹಾಕಬೇಡಿ. ಕತ್ತಲಲ್ಲಿ ಕರೆಂಟ್ ಬಂತು ಅಂತ ಓಡಿಬಂದವರು ಯಾವುದು ಒಳ್ಳೆಯದು ಅಂತ ನೋಡುವುದಿಲ್ಲ, ಕೈಗೆ ಸಿಕ್ಕಿದ್ದನ್ನು ತಗೊಳ್ಳುತ್ತಾರೆ. ಗುಜರಿಗೆ ಹಾಕುವುದಾದರೂ ಸುತ್ತಿಗೆಯ ಕಾವು ಕಿತ್ತು, ಸ್ಕ್ರೂ ಸ್ಪ್ಯಾನರಿನ ತಿರುಪು ಬಿಚ್ಚಿ ತೆಗೆದು ಹಾಕಿ, ಬೇರೆ ಯಾರೂ ಅದನ್ನು ಎತ್ತಿಕೊಂಡು ಹೋಗಿ ಮತ್ತೆ ಬಳಸದ ಹಾಗೆ.